ಬಸುರಿ ಮೀನು ಬಿಡಬೇಕಾ? ಮುಂಬೈ ಅಡುಗೆಮನೆಯಲ್ಲಿ ನೋಡಬೇಕಾದ್ದೇನು?

ಪ್ರಶ್ನೆ, ಡೊಂಬಿವಲಿಯಿಂದ: ನಾದಿನಿಗೆ ಈಗ ನಾಲ್ಕು ತಿಂಗಳು. ಮೀನಿನ ಪಾದರಸದಿಂದ ಹುಟ್ಟೋ ಮಗು ಹಠಮಾರಿ ಆಗುತ್ತೆ, ಒಂದು ಕಡೆ ಕೂರಲ್ಲ ಅಂತ ಯಾರೋ ಹೇಳಿದ್ದಕ್ಕೆ ಮೀನನ್ನೇ ಬಿಟ್ಟಿದ್ದಾಳೆ. ನಮ್ಮದು ಕರಾವಳಿ ಮನೆ. ಏನು ಬಿಡಬೇಕು, ಏನು ತಿನ್ನಬಹುದು? ತಿಳಿದವರು ಹೇಳಿ.

ಉತ್ತರ, ಮಾಹಿಮ್‌ನಿಂದ: ಪೂರ್ತಿ ಬಿಡೋದು ತಪ್ಪು ಲೆಕ್ಕ. ಇಂಗ್ಲೆಂಡಿನ ಏವನ್ ಪ್ರದೇಶದ ಸುಮಾರು 12,000 ಗರ್ಭಿಣಿಯರ ಊಟ ದಾಖಲಿಸಿ, ಅವರ ಮಕ್ಕಳ ಬೆಳವಣಿಗೆ ನೋಡಿದ ಅಧ್ಯಯನ 2007ರಲ್ಲಿ ಬಂತು. ವಾರಕ್ಕೆ 340 ಗ್ರಾಂಗಿಂತ ಕಡಿಮೆ ಮೀನು ತಿಂದವರ ಮಕ್ಕಳೇ ಮಾತಿನ ಬುದ್ಧಿಯಲ್ಲಿ, ಬೇರೆಯವರ ಜೊತೆ ಹೊಂದಿಕೊಂಡು ಹೋಗೋದರಲ್ಲಿ ಹಿಂದೆ ಬೀಳೋ ಸಾಧ್ಯತೆ ಹೆಚ್ಚಿತ್ತು. ಮೆದುಳಿಗೆ ಬೇಕಾದ ಕೊಬ್ಬು, ಅಯೋಡಿನ್ ಎರಡೂ ಮೀನಲ್ಲಿವೆ.

ಹಾಗಂತ ಪಾದರಸ ಸುಳ್ಳಲ್ಲ. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಬೆಳಕಿಗೆ ಬಂದ ರೋಗದಲ್ಲಿ ತಾಯಿಗೆ ಅಷ್ಟೇನೂ ಆಗದಿದ್ದರೂ ಹೊಟ್ಟೆಯಲ್ಲಿದ್ದ ಮಗುವಿನ ಮೆದುಳು ಹಾಳಾಗಿತ್ತು. ಅದು ಕಾರ್ಖಾನೆ ಕೊಳಚೆಯಿಂದ ಆದದ್ದು, ಮಾರ್ಕೆಟ್ ಮೀನಲ್ಲಿ ಆ ಪ್ರಮಾಣ ಇರೋದಿಲ್ಲ. ಆದರೆ ದಾರಿ ಒಂದೇ: ಸಣ್ಣ ಮೀನನ್ನು ದೊಡ್ಡದು ತಿನ್ನುತ್ತೆ, ವರ್ಷಗಟ್ಟಲೆ ಪಾದರಸ ಕೂಡುತ್ತೆ.

ಆದ್ದರಿಂದ ಬಂಗುಡೆ, ತಾರ್ಲಿ ಅಂದರೆ ನಮ್ಮ ಬೂತಾಯಿ, ಮಾಂದೆಲಿ, ಬೊಂಬಿಲ್, ಸಿಗಡಿ ಧಾರಾಳವಾಗಿ ತಿನ್ನಲಿ. ವಾರಕ್ಕೆ ಎರಡು ಮೂರು ಸಲ, ಒಟ್ಟು 225ರಿಂದ 340 ಗ್ರಾಂ. ಇದು ತಲೆ, ಮುಳ್ಳು ಕಳೆದ ಹಸಿ ಮೀನಿನ ತೂಕ. ಮೋರಿ, ಅಂದರೆ ಶಾರ್ಕ್, ಬೇಡವೇ ಬೇಡ. ದೊಡ್ಡ ಕುಪ್ಪಾ (ಟ್ಯೂನಾ), ದೊಡ್ಡ ಸುರ್ಮಯಿಯನ್ನೂ ಬಿಡಲಿ. ಗರ್ಭಿಣಿಯರಿಗಾಗಿ ಅಮೆರಿಕ ಮಾಡಿದ ಪಟ್ಟಿ ಬೇಡ ಅನ್ನೋ ಕಿಂಗ್ ಮ್ಯಾಕೆರೆಲ್ ನಮ್ಮ ಸುರ್ಮಯಿ (ಅಂಜಲ್) ಅಲ್ಲ, ಅದೇ ಕುಲದ ಅಟ್ಲಾಂಟಿಕ್ ಜಾತಿ. ಆದರೂ ಬೇಟೆಯ ಮೀನು ಬೇಟೆಯ ಮೀನೇ. ಮೀನು ಮಾರೋ ಕೋಳಿ ಸಮುದಾಯದ ಹೆಂಗಸು ಕೊಯ್ದು ಹರಡಿದ ತುಂಡು ನೋಡಿ: ಅಡ್ಡಗಲ ಅಂಗೈ ಮೀರಿದ್ದರೆ ಮೀನಿಗೆ ವಯಸ್ಸಾಗಿದೆ, ಮುಂದೆ ಹೋಗಿ. ಚರ್ಮ ತೆಗೆದರೂ, ಹುಳಿ ಹಾಕಿ ಕುದಿಸಿದರೂ ಪಾದರಸ ಹೋಗಲ್ಲ. ಅದು ಮಾಂಸದ ಪ್ರೋಟೀನಿಗೇ ಅಂಟಿರುತ್ತೆ.

ಉತ್ತರ, ಠಾಣೆಯಿಂದ: ಎಲ್ಲರೂ ಮೀನಿನ ಹಿಂದೆ ಬಿದ್ದಿದ್ದಾರೆ, ಸೀಸವನ್ನು (ಲೆಡ್) ಯಾರೂ ಕೇಳಲ್ಲ. ಮಗುವಿನ ಏಕಾಗ್ರತೆ, ದುಡುಕುತನದ ಮಾತು ಬಂದರೆ ಮೊದಲು ನೋಡಬೇಕಾದ್ದು ಅದನ್ನೇ.

ಬಿಡಿ ಅರಿಶಿನಕ್ಕೆ ಮೆರುಗು ಬರಲಿ ಅಂತ ಲೆಡ್ ಕ್ರೋಮೇಟ್ ಬಳಿಯೋದುಂಟು. ಕೊಂಬನ್ನು ಗಾಜಿನ ಲೋಟದ ನೀರಿಗೆ ಹಾಕಿ, ತಕ್ಷಣ ಗಾಢ ಹಳದಿ ಬಿಟ್ಟರೆ ಎಸೆಯಿರಿ. ಬಿಡದಿದ್ದರೆ ಶುದ್ಧ ಅಂತಲ್ಲ. ಹೊರಗೆ ದಪ್ಪಗೆ ಬಳಿದದ್ದು ಮಾತ್ರ ಇದರಲ್ಲಿ ಸಿಕ್ಕಿಬೀಳುತ್ತೆ. ಪುಡಿಯಾದರೆ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರೋ ಮುಚ್ಚಿದ ಪ್ಯಾಕೆಟ್ಟೇ ತಗೊಳ್ಳಿ.

ಎರಡನೇದು ಪಾತ್ರೆ. ಹಿತ್ತಾಳೆಗೆ ಕಲಾಯಿ ಹಾಕೋವಾಗ ತವರಕ್ಕೆ ಸೀಸ ಬೆರೆಸಿದರೆ ಕಣ್ಣಿಗೆ ಗೊತ್ತಾಗಲ್ಲ. ಗುಜರಿ ಕರಗಿಸಿ ಮಾಡಿದ ಅಲ್ಯೂಮಿನಿಯಂ, ಹಿಂಡಾಲಿಯಂನಲ್ಲೂ ಸೀಸ ಸಿಕ್ಕಿದೆ. ಹುಣಸೆಹುಳಿ, ಟೊಮೆಟೊ ಬಿದ್ದು ಹೊತ್ತು ಕುದಿದಷ್ಟೂ ಹೆಚ್ಚು ಬಿಡುತ್ತೆ. ಸಾರು, ಹುಳಿ, ಮೀನಿನ ಗಸಿ ಸ್ಟೀಲ್ ಪಾತ್ರೆಗೆ ಹೋಗಲಿ.

ಉತ್ತರ, ಮುಲುಂಡ್‌ನಿಂದ: ಇನ್ನೆರಡು ಸೇರಿಸ್ತೀನಿ. ಪೇಪರಲ್ಲಿ ಸುತ್ತಿದ ವಡಾಪಾವ್ ಬೇಡ. ಬಿಸಿ ಎಣ್ಣೆ ಶಾಯಿ ಎಳೆಯುತ್ತೆ, ಶಾಯಿಯಲ್ಲಿ ಸೀಸ ಇರಬಹುದು. 2018ರ ನಿಯಮದಲ್ಲೇ ಇದಕ್ಕೆ ನಿಷೇಧವಿದೆ. ಡಬ್ಬಿ ಒಯ್ದು ಹಾಕಿಸಿಕೊಳ್ಳಿ. ಮಣ್ಣು ತಿನ್ನೋ ಆಸೆಯಾದರೆ ಬೈಯಬೇಡಿ, ಹಿಮೋಗ್ಲೋಬಿನ್ ನೋಡಿಸಿ. ಅದು ಕಬ್ಬಿಣದ ಕೊರತೆಯ ಗುರುತಾಗಿರಬಹುದು, ತಿನ್ನೋ ಮಣ್ಣಲ್ಲಿ ಸೀಸವೂ ಇರಬಹುದು.

ಡಾಕ್ಟರ್ ಕೊಟ್ಟ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬೇಡಿ. ಅವೆರಡು ಕಡಿಮೆಯಾದರೆ ಕರುಳು ಸೀಸವನ್ನು ಹೆಚ್ಚು ಹೀರುತ್ತೆ, ಮೂಳೆಯಲ್ಲಿ ಹಳೇ ಸೀಸವಿದ್ದರೆ ಅದೂ ರಕ್ತಕ್ಕೆ ಇಳಿಯುತ್ತೆ. ಎರಡನ್ನೂ ಒಂದೇ ಹೊತ್ತಿಗೆ ನುಂಗಬಾರದು. ಕ್ಯಾಲ್ಸಿಯಂ ಕಬ್ಬಿಣವನ್ನು ತಡೆಯುತ್ತೆ. ಸಂಶಯವಿದ್ದರೆ ರಕ್ತದ ಸೀಸ ಪರೀಕ್ಷೆ ಕೇಳಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ ಪರವಾಗಿಲ್ಲ ಅಂತಲ್ಲ, ಸೀಸಕ್ಕೆ ಸುರಕ್ಷಿತ ಮಟ್ಟವೇ ಇಲ್ಲ. ಡಿಟಾಕ್ಸ್ ಪುಡಿ, ಭಸ್ಮದ ತಂಟೆಗೆ ಹೋಗಬೇಡಿ. ಕೆಲವು ಭಸ್ಮಗಳಲ್ಲಿ ಸೀಸವೇ ಇರುತ್ತೆ.

ಡೊಂಬಿವಲಿ: ಬಾಣಂತನಕ್ಕೆ ಹಾಲು ಬರಲಿ ಅಂತ ಅತ್ತೆ ಒಣ ಮೋರಿ ತಂದಿಟ್ಟಿದ್ದಾರಲ್ಲ? ಹೋದ ತಿಂಗಳು ತಿಂದ ಸುರ್ಮಯಿ ಕಥೆ ಏನು?

ಮಾಹಿಮ್: ಒಣಗಿದರೆ ಹೋಗೋದು ನೀರು ಮಾತ್ರ, ಪಾದರಸ ಅಲ್ಲೇ ಉಳಿಯುತ್ತೆ, ಗ್ರಾಂ ಲೆಕ್ಕದಲ್ಲಿ ಇನ್ನೂ ಹೆಚ್ಚು. ಎದೆಹಾಲಿಗೆ ಹೊಕ್ಕುಳಬಳ್ಳಿಯಷ್ಟು ಇಳಿಯಲ್ಲ, ಆದರೂ ಅತ್ತೆಗೆ ಬೂತಾಯಿ ಒಪ್ಪಿಸಿ. ತಿಂದ ಸುರ್ಮಯಿಗೆ ಕೊರಗಬೇಡಿ: ರಕ್ತದ ಪಾದರಸ ಸುಮಾರು 50 ದಿನಕ್ಕೆ ಅರ್ಧ ಇಳಿಯುತ್ತೆ. ಜೂನ್, ಜುಲೈನಲ್ಲಿ ಬೋಟ್ ನಿಂತಾಗ ಬೊಂಬಿಲ್ ಒಣಗಿದ್ದೇ ಸಿಗುತ್ತೆ. ಉಪ್ಪು ಜಾಸ್ತಿ, ಬಿಪಿ ಇದ್ದರೆ ನೆನೆಸಿ ನೀರು ಚೆಲ್ಲಿ.