ಸೆಪ್ಟೆಂಬರಲ್ಲಿ ಶ್ರೀಲಂಕಾ: ಅತ್ತೆಗೆ ಮಂಡಿನೋವು, ಎಲ್ಲರೂ ಸಸ್ಯಾಹಾರಿಗಳು. ಈ ಪಟ್ಟಿ ಸರಿ ಇದೆಯಾ?

ಬೆಣ್ಣೆದೋಸೆ (ದಾವಣಗೆರೆ):

ಸೆಪ್ಟೆಂಬರ್ ಮೊದಲ ವಾರ ಶ್ರೀಲಂಕಾಕ್ಕೆ ಹೊರಟಿದ್ದೇವೆ. ನಾವಿಬ್ಬರು, ಅತ್ತೆ, ಮಾವ, ಐದನೇ ಕ್ಲಾಸಿನ ಮಗಳು. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ. ಒಟ್ಟು ಏಳು ದಿನ.

ಟ್ರಾವೆಲ್ಸಿನವರು ಕೊಟ್ಟ ಪಟ್ಟಿ ಹೀಗಿದೆ: ಕೊಲಂಬೊ, ಸಿಗಿರಿಯ, ಕ್ಯಾಂಡಿ, ನುವರ ಎಲಿಯ, ಎಲ್ಲ ಎಂಬ ಬೆಟ್ಟದೂರು, ಯಾಲ ಕಾಡು, ಮಿರಿಸ್ಸದಲ್ಲಿ ತಿಮಿಂಗಿಲ, ಕೊನೆಗೆ ಗಾಲೆ. ಹೆಚ್ಚುಕಡಿಮೆ ದಿನಕ್ಕೊಂದು ಊರು. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತೋದು ಕಷ್ಟ. ಮಾವನಿಗೆ ಮೊಟ್ಟೆಯ ವಾಸನೆಯೂ ಆಗದು. ಮಗಳಿಗೆ ಆನೆ ನೋಡಬೇಕು, ಸಮುದ್ರದಲ್ಲಿ ಆಡಬೇಕು. ಮಳೆ ಇರುತ್ತಾ? ಊಟಕ್ಕೆ ಏನು ಮಾಡೋದು? ದುಡ್ಡು ಹೇಗೆ ಒಯ್ಯಬೇಕು? ಹೋಗಿ ಬಂದವರು ದಯವಿಟ್ಟು ಹೇಳಿ.

ವೆಳ್ಳವತ್ತೆಯವ:

ಮೇಡಮ್, ನಾನು ಕೆಲಸದ ಮೇಲೆ ಕೊಲಂಬೊದಲ್ಲೇ ಇದ್ದೇನೆ. ಊರಿಂದ ಯಾರು ಬಂದರೂ ಇಂಥದ್ದೇ ಪಟ್ಟಿ ಹಿಡಿದುಕೊಂಡು ಬರುತ್ತಾರೆ. ನಕ್ಷೆಯಲ್ಲಿ ದೇಶ ಚಿಕ್ಕದಾಗಿ ಕಾಣುತ್ತದೆ, ಆದರೆ ಹೆದ್ದಾರಿ ಬಿಟ್ಟರೆ ಗಂಟೆಗೆ ನಲವತ್ತು ಕಿಲೋಮೀಟರ್ ಹೋದರೆ ದೊಡ್ಡದು. ಈ ಪಟ್ಟಿ ಹಿಡಿದು ಹೊರಟರೆ ನಿಮ್ಮ ಅತ್ತೆ ನೋಡೋದು ವ್ಯಾನಿನ ಕಿಟಕಿ ಮಾತ್ರ.

ಅದೂ ಅಲ್ಲದೆ ತಿಂಗಳು ನೋಡದೆ ಬರೆದಿದ್ದಾರೆ. ಯಾಲದಲ್ಲಿ ಎಲ್ಲರೂ ಹೋಗುವ ಮುಖ್ಯ ಭಾಗವನ್ನು ಸಾಮಾನ್ಯವಾಗಿ ಸೆಪ್ಟೆಂಬರ್ 1ರಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತಾರೆ. ಮಿರಿಸ್ಸದ ತಿಮಿಂಗಿಲದ ಕಾಲ ನವೆಂಬರಿನಿಂದ ಏಪ್ರಿಲ್. ಸೆಪ್ಟೆಂಬರಲ್ಲಿ ಆ ಕಡೆ ಕಡಲು ಒರಟು, ಮಕ್ಕಳನ್ನು ನೀರಿಗೆ ಬಿಡುವ ಹಾಗಿಲ್ಲ.

ಈ ದ್ವೀಪಕ್ಕೆ ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮುಂಗಾರೇ ಇಲ್ಲಿಯ ದಕ್ಷಿಣ, ಪಶ್ಚಿಮಕ್ಕೆ ಹೊಡೆಯುತ್ತದೆ. ಪೂರ್ವ ಕರಾವಳಿ ಆಗ ಒಣಗಿರುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಉಲ್ಟಾ. ಹಾಗಾಗಿ ನಿಮ್ಮ ವಾರಕ್ಕೆ ಅರ್ಧ ದ್ವೀಪ ಸಾಕು: ನೆಗೊಂಬೊ, ಸಿಗಿರಿಯ, ಪೂರ್ವ ಕರಾವಳಿಯ ತ್ರಿಂಕೋಮಲಿ, ಕ್ಯಾಂಡಿ. ಗಾಲೆ, ಮಿರಿಸ್ಸ ಇನ್ನೊಮ್ಮೆ ಜನವರಿಯಲ್ಲಿ ಬನ್ನಿ.

ವಿಮಾನ ನಿಲ್ದಾಣ ಇರೋದು ಕಟುನಾಯಕದಲ್ಲಿ. ಕೊಲಂಬೊ ಮೂವತ್ತು ಚಿಲ್ಲರೆ ಕಿಲೋಮೀಟರ್ ದಕ್ಷಿಣಕ್ಕೆ, ನೆಗೊಂಬೊ ಹತ್ತಿರದಲ್ಲೇ. ನೀವು ಹೋಗಬೇಕಾದ್ದು ಒಳನಾಡಿಗೆ. ಸುಮ್ನೆ ಕೊಲಂಬೊಗೆ ಹೋಗಿ ಟ್ರಾಫಿಕ್ಕಲ್ಲಿ ಕೂರಬೇಡಿ. ನೆಗೊಂಬೊದಲ್ಲಿ ಮಲಗಿ, ಬೆಳಗ್ಗೆ ಹೊರಡಿ. ಸಿಗಿರಿಯಕ್ಕೆ ನಾಲ್ಕು ಗಂಟೆ ಇಟ್ಟುಕೊಳ್ಳಿ.

ಸಿಗಿರಿಯ ಬಂಡೆಗೆ ಸುಮಾರು 1200 ಮೆಟ್ಟಿಲು. ಅತ್ತೆಯನ್ನು ಹತ್ತಿಸಬೇಡಿ. ಕೆಳಗೆ ಕಾಶ್ಯಪ ರಾಜನ ಉದ್ಯಾನ, ಕೊಳಗಳಿವೆ, ಅಲ್ಲಿ ಓಡಾಡಿಕೊಂಡಿರಲಿ. ನೀವು ಬಾಗಿಲು ತೆಗೆಯುವ ಹೊತ್ತಿಗೇ ಹತ್ತಿ, ಬಿಸಿಲೇರಿದ ಮೇಲೆ ಬಂಡೆ ಕಾವಲಿ ಆಗುತ್ತದೆ. ಪಾಸ್‌ಪೋರ್ಟ್ ಕೈಲಿರಲಿ. ಭಾರತವೂ ಸೇರಿದ ಸಾರ್ಕ್ ಕೂಟದ ದೇಶದವರಿಗೆ ಟಿಕೆಟ್ ಕಡಿಮೆ ಬೆಲೆ, ಆದರೆ ಕೇಳಿ ತಗೋಬೇಕು.

ಅತ್ತೆಗೆ ಹೇಳಿ ಮಾಡಿಸಿದ ಜಾಗ ಸಿಗಿರಿಯದಿಂದ ಹೋಗಿಬರಬಹುದಾದ ಹಳೇ ರಾಜಧಾನಿ ಪೊಲೊನ್ನರುವ. ಸಮತಟ್ಟು ನೆಲ, ಹಳೇ ಕಟ್ಟಡಗಳ ಒಂದೊಂದು ಗುಂಪಿನ ಹತ್ತಿರಕ್ಕೂ ವ್ಯಾನ್ ಹೋಗುತ್ತದೆ. ಗಲ್ ವಿಹಾರದಲ್ಲಿ ಒಂದೇ ಬಂಡೆಯ ಮೈಯಲ್ಲಿ ಬುದ್ಧನ ವಿಗ್ರಹಗಳಿವೆ, ಮಲಗಿರುವುದು ಹದಿನಾಲ್ಕು ಮೀಟರ್ ಉದ್ದ. ಚೋಳರು ಹನ್ನೊಂದನೇ ಶತಮಾನದಲ್ಲಿ ಈ ಊರನ್ನು ರಾಜಧಾನಿ ಮಾಡಿಕೊಂಡಿದ್ದರು, ಅವರ ಕಾಲದ ಶಿವನ ಗುಡಿ ಇನ್ನೂ ಇದೆ. ಪೂಜೆಯ ಜಾಗಗಳಲ್ಲಿ ಚಪ್ಪಲಿ, ಟೋಪಿ ಎರಡೂ ತೆಗೆಯಬೇಕು. ಕಲ್ಲು ಕಾದಿರುತ್ತದೆ, ಎಲ್ಲರಿಗೂ ಹಳೇ ಸಾಕ್ಸ್ ಇಟ್ಟುಕೊಳ್ಳಿ. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ಮಾತ್ರ ಬೇಡ, ಇಲ್ಲಿ ಅದನ್ನು ಗಂಭೀರವಾಗಿ ತಗೋತಾರೆ.

ಆನೆಗೆ ನಿಮ್ಮ ವಾರ ಅದೃಷ್ಟದ್ದು. ಸಿಗಿರಿಯ ಹತ್ತಿರದ ಮಿನ್ನೇರಿಯ ಕಾಡಿನ ಕೆರೆಯ ನೀರು ಇಳಿದು, ಬರಿದಾದ ಅಂಗಳದಲ್ಲಿ ಹುಲ್ಲು ಚಿಗುರಿ, ಆಗಸ್ಟ್-ಸೆಪ್ಟೆಂಬರಲ್ಲಿ ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ಕೆರೆಗೆ ನೀರು ಬಿಟ್ಟಿದ್ದರೆ ಪಕ್ಕದ ಕೌಡುಲ್ಲ ಕಾಡಿಗೆ ಹೋಗಿರುತ್ತವೆ. ಹಾಗಾಗಿ ಜೀಪನ್ನು ಮೊದಲೇ ಆನ್‌ಲೈನಲ್ಲಿ ಗೊತ್ತು ಮಾಡಬೇಡಿ. ಅವತ್ತು ಆನೆ ಎಲ್ಲಿವೆ ಅಂತ ಅಲ್ಲೇ ವಿಚಾರಿಸಿ, ಮಧ್ಯಾಹ್ನ ಮೂರರ ಸುಮಾರಿಗೆ ಹೊರಡಿ.

ಆಮೇಲೆ ತ್ರಿಂಕೋಮಲಿ. ಉಪ್ಪುವೇಲಿ, ನಿಲಾವೇಲಿ ತೀರ ಆ ತಿಂಗಳಲ್ಲಿ ಸಾಮಾನ್ಯವಾಗಿ ಶಾಂತ, ಮಗಳು ಧಾರಾಳವಾಗಿ ಆಡಬಹುದು. ಕಡಲ ಬಂಡೆಯ ಮೇಲೆ ಕೋಣೇಶ್ವರ ದೇವಸ್ಥಾನ. ಕೋಟೆಯೊಳಗೆ ಹಾದು ಹೋಗಬೇಕು, ಅಲ್ಲಿ ಜಿಂಕೆಗಳು ದನಗಳ ಹಾಗೆ ಓಡಾಡಿಕೊಂಡಿರುತ್ತವೆ. ತಮಿಳು ಊರು, ಮಾವನಿಗೆ ಇಡ್ಲಿ-ದೋಸೆ ಸಿಗುತ್ತದೆ.

ಬುದ್ಧನ ಹಲ್ಲು ಇಟ್ಟಿರುವ ಕ್ಯಾಂಡಿಯ ದಂತ ದೇವಾಲಯಕ್ಕೆ ಭುಜ, ಮಂಡಿ ಮುಚ್ಚುವ ಬಟ್ಟೆ. ಪಂಚೆ, ಸೀರೆ ಬಹಳ ಒಳ್ಳೆಯದು. ಸಂಜೆ ಆರೂವರೆಯ ಪೂಜೆಗೆ ಹೋಗಿ.

ವೀಸಾ: ಹೊರಡುವ ಮೊದಲೇ ಇಟಿಎ ಎಂಬ ಆನ್‌ಲೈನ್ ಪ್ರವೇಶ ಅನುಮತಿ ಮಾಡಿಸಿ, ಅದೂ ಸರ್ಕಾರದ ತಾಣದಲ್ಲೇ. ವಿಳಾಸದ ಕೊನೆಗೆ ಗವ್ ಡಾಟ್ ಎಲ್‌ಕೆ ಇರಬೇಕು. ಹಾಗೇ ಕಾಣುವ ಖಾಸಗಿ ತಾಣಗಳು ಜಾಸ್ತಿ ದುಡ್ಡು ಕೀಳುತ್ತವೆ.

ಮಲೆನಾಡ್ ಮಳೆ:

ಊಟದ ಬಗ್ಗೆ ನಾನು ಹೇಳ್ತೀನಿ, ನಮ್ಮದೂ ಸಸ್ಯಾಹಾರಿ ಮನೆ. ಅನ್ನ, ಪರಿಪ್ಪು ಅಂದರೆ ಬೇಳೆ, ನಾಲ್ಕೈದು ಪಲ್ಯ ಎಲ್ಲೆಡೆ ಸಿಗುತ್ತದೆ. ಮೋಸ ಇರೋದು ಪೊಲ್ ಸಂಬೋಲದಲ್ಲಿ. ನೋಡಲು ತೆಂಗಿನಕಾಯಿ ಚಟ್ನಿ, ಒಳಗೆ ಉಂಬಲಕಡ ಎಂಬ ಒಣಮೀನಿನ ಚೂರು ಹಾಕಿರುತ್ತಾರೆ. ಪಲ್ಯಕ್ಕೂ ಕೆಲವರು ಉದುರಿಸುತ್ತಾರೆ. ‘ವೆಜಿಟೇರಿಯನ್’ ಅಂದರೆ ಸಾಲದು, ‘ಉಂಬಲಕಡ ಬೇಡ’ ಅಂತ ಹೆಸರು ಹಿಡಿದೇ ಹೇಳಿ. ಮಾವನವರಿಗೆ ಅನುಮಾನವಾದರೆ ಶೈವ ಹೋಟೆಲ್, ಅಂದರೆ ತಮಿಳರ ಶುದ್ಧ ಸಸ್ಯಾಹಾರಿ ಹೋಟೆಲ್ ಹುಡುಕಿ.

ದಾರಿ ಬದಿ ಮಣ್ಣಿನ ಕುಡಿಕೆಯಲ್ಲಿ ಎಮ್ಮೆ ಮೊಸರು ಮಾರುತ್ತಾರೆ. ಅದರ ಮೇಲೆ ಬಗನಿ ಮರದ ಪಾಕ ಸುರಿದು ತಿನ್ನಿ. ಅದಕ್ಕಾಗಿ ಇನ್ನೊಮ್ಮೆ ಹೋಗೋಕೂ ನಾನು ರೆಡಿ.

ಆದರೆ ‘ಎಲ್ಲ’ ಊರಿನ ಬೆಟ್ಟದ ರೈಲು ಬಿಡಿಸಿದ್ದಕ್ಕೆ ನನ್ನ ವಿರೋಧ ಇದೆ. ಟೀ ತೋಟದ ಮಧ್ಯೆ ಆ ಪ್ರಯಾಣ ಇಲ್ಲದೆ ಶ್ರೀಲಂಕಾ ಎಂಥದ್ದು?

ವೆಳ್ಳವತ್ತೆಯವ:

ಚಂದ ಅನ್ನೋದಕ್ಕೆ ತಕರಾರಿಲ್ಲ. ಆದರೆ ಕ್ಯಾಂಡಿಯಿಂದ ಎಲ್ಲಕ್ಕೆ ಆರೇಳು ಗಂಟೆ, ರಿಸರ್ವೇಶನ್ ಸಿಗದಿದ್ದರೆ ಮಂಡಿನೋವಿನವರು ನಿಂತೇ ಹೋಗಬೇಕು. ಮೇಲಾಗಿ 2025ರ ನವೆಂಬರ್ ಕೊನೆಗೆ ಬಂದ ದಿತ್ವಾ ಚಂಡಮಾರುತ ಆ ಬೆಟ್ಟದ ಹಳಿಯನ್ನು ಹಲವು ಕಡೆ ಕೆಡಿಸಿತ್ತು. ಹೋಗುವವರು ರೈಲು ಎಲ್ಲಿಂದ ಎಲ್ಲಿಯವರೆಗೆ ಓಡುತ್ತಿದೆ ಅಂತ ರೈಲ್ವೆಯಲ್ಲೇ ಕೇಳಿಕೊಂಡು ಹೊರಡಿ.

ದುಡ್ಡಿನ ವಿಷಯ ಮರೆತಿತ್ತು. ನಮ್ಮ ಒಂದು ರೂಪಾಯಿಗೆ ಇಲ್ಲಿನ ಮೂರು ಚಿಲ್ಲರೆ. 2024ರ ಫೆಬ್ರವರಿಯಿಂದ ಯುಪಿಐ ಇದೆ, ಆದರೆ ಎಳನೀರಿನವನ ಹತ್ತಿರ ನಡೆಯುತ್ತೆ ಅಂತ ನಂಬಬೇಡಿ. ವಿಮಾನ ನಿಲ್ದಾಣದಲ್ಲೇ ಸ್ವಲ್ಪ ನಗದು ಬದಲಿಸಿ, ಸಿಮ್ಮೂ ಅಲ್ಲೇ ತಗೊಳ್ಳಿ. ಪೇಟೆಯೊಳಗೆ ಆಟೋಗೆ ಪಿಕ್‌ಮಿ ಆ್ಯಪ್ ಹಾಕಿಕೊಳ್ಳಿ, ಚೌಕಾಸಿ ತಪ್ಪುತ್ತದೆ. ಚೌಕ ಪಿನ್ನಿನ ಅಡಾಪ್ಟರ್ ಒಂದು ಇರಲಿ.

ಬೆಣ್ಣೆದೋಸೆ (ದಾವಣಗೆರೆ):

ಟ್ರಾವೆಲ್ಸಿನವರಿಗೆ ಫೋನ್ ಮಾಡಿ ಯಾಲದ ವಿಷಯ ಕೇಳಿದೆ. ‘ನೋಡಿ ಹೇಳ್ತೀವಿ ಮೇಡಮ್’ ಅಂದರು, ಇನ್ನೂ ನೋಡ್ತಾನೇ ಇದ್ದಾರೆ. ವ್ಯಾನ್ ನಾವೇ ಮಾಡಿಕೊಳ್ತೀವಿ. ಡ್ರೈವರ್ ರಾತ್ರಿ ಎಲ್ಲಿ ಮಲಗುತ್ತಾರೆ? ಅದೂ ನಮ್ಮ ಖರ್ಚಾ?

ವೆಳ್ಳವತ್ತೆಯವ:

ಬಹಳಷ್ಟು ಹೋಟೆಲುಗಳಲ್ಲಿ ಡ್ರೈವರುಗಳಿಗೆ ಬೇರೆ ರೂಮ್ ಇರುತ್ತದೆ, ಚಿಕ್ಕ ಹೋಂಸ್ಟೇಗಳಲ್ಲಿ ಇರುವುದಿಲ್ಲ. ರೂಮ್ ಬುಕ್ ಮಾಡುವಾಗಲೇ ಕೇಳಿ. ವ್ಯಾನಿನವರ ಹತ್ತಿರ ಡೀಸೆಲ್, ಟೋಲ್, ಪಾರ್ಕಿಂಗ್, ಡ್ರೈವರ್ ಊಟ-ವಸತಿ ಎಲ್ಲ ಸೇರಿ ದಿನಕ್ಕೆ ಎಷ್ಟು ಅಂತ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ದಿನಕ್ಕೆ ಎಷ್ಟು ಕಿಲೋಮೀಟರ್ ಮೀರಿದರೆ ಎಕ್ಸ್‌ಟ್ರಾ ಅನ್ನೋದನ್ನೂ.