ಮರು: ಕಪ್ಪು-ಬಿಳುಪು ಚಿತ್ರದ ‘ಕಾಂಟ್ರಾಸ್ಟ್’ಗೆ ಪದ ಬೇಕು (ತುರ್ತು)

ಅನುವಾದಕಿ:

ಎಲ್ಲರಿಗೂ ನಮಸ್ಕಾರ. ಮಕ್ಕಳ ಕಪ್ಪು-ಬಿಳುಪು ಭಾವಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿದ್ದುವುದನ್ನು ಕಲಿಸುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಕೊಡಬೇಕು. ಉಳಿದೆಲ್ಲ ಮುಗಿದಿದೆ, ಕಾಂಟ್ರಾಸ್ಟ್ ಒಂದು ಗಂಟಲಲ್ಲಿ ಸಿಕ್ಕಿಕೊಂಡಿದೆ. ನಿಘಂಟು ವೈದೃಶ್ಯ, ವ್ಯತಿರೇಕ ಎನ್ನುತ್ತದೆ. ಸದ್ಯಕ್ಕೆ ವಾಕ್ಯ ಹೀಗಿದೆ:

“ಮಗುವಿನ ಮುಖದಲ್ಲಿ ವೈದೃಶ್ಯವನ್ನು ಹೆಚ್ಚಿಸುವಾಗ ಅತಿಪ್ರಕಾಶಿತ ಭಾಗಗಳ ವಿವರ ನಷ್ಟವಾಗದಂತೆ ನೋಡಿಕೊಳ್ಳಿ.”

ಹತ್ತು ಸಲ ಓದಿದೆ. ಮೌಸ್ ಹಿಡಿದು ಕೂತವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಚಿತ್ರದ ಒಂದು ಭಾಗವನ್ನಷ್ಟೇ ಬೆಳಗಿಸುವ ಡಾಡ್ಜ್, ಕಪ್ಪಾಗಿಸುವ ಬರ್ನ್ ಎಂಬ ಜೋಡಿಗೂ ಪದ ಬೇಕು. ಬರ್ನ್‌ಗೆ ‘ಸುಡು’ ಎಂದು ಬರೆದು ಹೊಡೆದುಹಾಕಿದ್ದೇನೆ. ಮಗುವಿನ ಹಣೆಯನ್ನು ಸುಡಿ ಎಂದು ಬರೆಯಲು ಕೈ ಬರಲಿಲ್ಲ.

ಹಳಗನ್ನಡದ ಮೇಷ್ಟ್ರು:

ವೈದೃಶ್ಯ ಬೇಡವೇ ಬೇಡ. ಮನೆಯಲ್ಲೇ ಇರುವಾಗ ಎರವಲು ಏಕೆ? ಬೆಳ್ ಎಂಬ ಒಂದು ಬೇರಿನಿಂದ ಬೆಳಕು, ಬೆಳಗು, ಬೆಳ್ಳಿ, ಬೆಳ್ದಿಂಗಳು, ಬಿಳುಪು ಎಲ್ಲ ಹುಟ್ಟಿವೆ. ಅಂದರೆ ನಮ್ಮ ಭಾಷೆಗೆ ಬಿಳಿಯೂ ಬೆಳಕೂ ಒಂದೇ. ಇತ್ತ ಕರ್ ಎಂಬುದರಿಂದ ಕರಿ, ಕರ್ಪು. ಆ ಕರ್ಪೇ ಇಂದಿನ ಕಪ್ಪು. ಕಪ್ಪು-ಬಿಳುಪು ಚಿತ್ರಕ್ಕೆ ಇದಕ್ಕಿಂತ ಒಪ್ಪುವ ಬೇರು ಯಾವ ಭಾಷೆಯಲ್ಲಿದೆ? ಎರಡನ್ನೂ ಕೂಡಿಸಿ ‘ಬೆಳ್ಗಪ್ಪು’ ಎನ್ನಿ. ಬೆಳ್ಗಪ್ಪು ಏರಿಸಿ, ಬೆಳ್ಗಪ್ಪು ಇಳಿಸಿ. ಮುಗಿಯಿತು.

ಸಂಸ್ಕೃತದ ಪಂಡಿತರು:

> ಎರಡನ್ನೂ ಕೂಡಿಸಿ ‘ಬೆಳ್ಗಪ್ಪು’ ಎನ್ನಿ

ಬೆಳ್ಗೊಡೆ ಎಂದರೆ ಬಿಳಿಯ ಕೊಡೆ. ಹಾಗಾದರೆ ಬೆಳ್ಗಪ್ಪು ಬಿಳಿಯ ಕಪ್ಪು. ನಿಮಗೆ ಬೇಕಿದ್ದದ್ದು ದ್ವಂದ್ವ, ಆದದ್ದು ಕರ್ಮಧಾರಯ. ಸಮಾಸ ನೋಡಿಕೊಂಡು ಪದ ಕಟ್ಟಿ, ಸ್ವಾಮಿ.

ವೈದೃಶ್ಯದ ವಕಾಲತ್ತು ನಾನೂ ವಹಿಸುವುದಿಲ್ಲ. ಸದೃಶದಿಂದ ಸಾದೃಶ್ಯ ಬಂದಂತೆ ವಿಸದೃಶದಿಂದ ವೈಸಾದೃಶ್ಯ ಬರಬೇಕು. ವ್ಯತಿರೇಕ ಅಲಂಕಾರದ ಹೆಸರು: ಉಪಮೇಯ ಉಪಮಾನವನ್ನು ಮೀರಿಸುವುದು. ಅದೂ ಇಲ್ಲಿ ಕೂರುವುದಿಲ್ಲ. ಸರಿಯಾದ ಪದ ‘ತಾರತಮ್ಯ’. ತರ, ತಮ ಎಂಬ ಪ್ರತ್ಯಯಗಳಿಂದಲೇ ಆದದ್ದು. ಕಪ್ಪು, ಇನ್ನೂ ಕಪ್ಪು, ಎಲ್ಲಕ್ಕಿಂತ ಕಪ್ಪು ಎಂಬ ಏರಿಳಿತ ಅದರ ಹೊಟ್ಟೆಯಲ್ಲೇ ಇದೆ. ಛಾಯಾತಾರತಮ್ಯ ಎಂದು ಬರೆದು ಅಚ್ಚಿಗೆ ಕಳಿಸಿ.

ಅನುವಾದಕಿ:

ಪಂಡಿತರೇ, ವ್ಯುತ್ಪತ್ತಿ ಒಪ್ಪುತ್ತೇನೆ, ಪದ ಒಪ್ಪಲಾರೆ. ಇವತ್ತಿನ ಕನ್ನಡದಲ್ಲಿ ತಾರತಮ್ಯ ಎಂದರೆ ಭೇದಭಾವ, ಬೇರೆ ಅರ್ಥ ಯಾರಿಗೂ ಹೊಳೆಯುವುದಿಲ್ಲ. ಈ ಕೈಪಿಡಿಯಲ್ಲಿ ಒಂದು ಇಡೀ ಅಧ್ಯಾಯ ಎಣ್ಣೆಗಪ್ಪು ಮೈಬಣ್ಣದ ಮಕ್ಕಳ ಬಗ್ಗೆ ಇದೆ. ಅವರ ಮುಖವನ್ನು ಬೆಳ್ಳಗೆ ಮಾಡಬೇಡಿ, ಹಣೆ-ಮೂಗಿನ ಮೇಲಿನ ಹೊಳಪು ಉಳಿಸಿ, ಮೈಬಣ್ಣ ಇದ್ದ ಹಾಗೇ ಇರಲಿ ಎಂದು ಬಿಡಿಸಿ ಹೇಳುತ್ತದೆ. ಆ ಪುಟದಲ್ಲಿ ‘ತಾರತಮ್ಯ ಹೆಚ್ಚಿಸಿ’ ಎಂದು ನಾನು ಬರೆಯುವುದಿಲ್ಲ.

ಫೋಟೊ ತಿದ್ದುವವರು:

ಮೇಡಂ, ದಿನವೂ ಇದೇ ಕೆಲಸ ಮಾಡುವವನು ನಾನು. ಇಲ್ಲಿ ಯಾರೂ ವಸ್ತುವನ್ನು ನೋಡದೆ ಪದ ಹುಡುಕುತ್ತಿದ್ದೀರಿ, ಅದಕ್ಕೇ ಸಿಗುತ್ತಿಲ್ಲ.

ಮಾಮೂಲಿ ಎಂಟು ಬಿಟ್ಟಿನ ಚಿತ್ರದಲ್ಲಿ ಅಪ್ಪಟ ಕಪ್ಪು 0, ಅಪ್ಪಟ ಬಿಳಿ 255. ಮೋಡ ಮುಚ್ಚಿದ ದಿನ ತೆಗೆದ ಮಗುವಿನ ಮುಖ ಇಡಿಯಾಗಿ 90ರಿಂದ 170ರೊಳಗೆ ಕೂತಿರಬಹುದು. ಅಂಥದ್ದನ್ನು ನಾವು ‘ಸಪ್ಪೆ’ ಎನ್ನುತ್ತೇವೆ. ಕರ್ವ್‌ನ (ಕಪ್ಪು-ಬಿಳಿಯ ಮಟ್ಟ ತಿದ್ದುವ ಗೆರೆಯ) ಕೆಳತುದಿಯನ್ನು ಒಂದಿಷ್ಟು ಅದುಮಿ ಮೇಲ್ತುದಿಯನ್ನು ಎತ್ತಿದರೆ ಬಿಳಿಯೂ ಕಪ್ಪೂ ದೂರ ಸರಿಯುತ್ತವೆ. ಕಾಂಟ್ರಾಸ್ಟ್ ಅಂದರೆ ಆ ಅಂತರ. ಹದ ಮೀರಿದರೆ ಚಿತ್ರ ‘ಗಡಸು’ ಆಗುತ್ತದೆ. ಫಿಲ್ಮಿನಿಂದ ಕಾಗದದ ಮೇಲೆ ಚಿತ್ರ ಮೂಡಿಸುತ್ತಿದ್ದ ಡಾರ್ಕ್‌ರೂಮಿನ ಕಾಗದಗಳಿಗೂ ಮೆದು, ಗಡಸು ಎಂಬ ದರ್ಜೆಗಳಿದ್ದವು, 0ಯಿಂದ 5ರವರೆಗೆ. ದೊಡ್ಡವರ ಮುಖ ಗಡಸನ್ನು ತಡೆದುಕೊಳ್ಳುತ್ತದೆ, ಸುಕ್ಕು, ಗಡ್ಡ ಎಲ್ಲ ಎದ್ದುಕಾಣುತ್ತವೆ. ಮಗುವಿನ ಕೆನ್ನೆಯಲ್ಲಿ ಹಿಡಿದುಕೊಳ್ಳಲು ಅಂಥದ್ದೇನೂ ಇಲ್ಲ, ತೆಳುವಾದ ಬೂದು ಏರಿಳಿತವಷ್ಟೇ ಇರುತ್ತದೆ. ಅದು 255 ಮುಟ್ಟಿತೋ, ಕೆನ್ನೆ ಕಾಗದವಾಗುತ್ತದೆ.

ಇನ್ನೊಂದು ಮಾತು ಸೇರಿಸಿ. ಬಣ್ಣದಿಂದ ಕಪ್ಪು-ಬಿಳುಪಿಗೆ ತರುವ ಮಾಮೂಲಿ ಲೆಕ್ಕದಲ್ಲಿ ನೂರಕ್ಕೆ ಸುಮಾರು 30 ಪಾಲು ಕೆಂಪಿಗೆ, 59 ಹಸಿರಿಗೆ, 11 ನೀಲಿಗೆ. ಕೆಂಪಿನ ಪಾಲು ಏರಿಸಿದರೆ ಮಗುವಿನ ಮುಖದ ಕೆಂಪು ಕಲೆ, ಸೊಳ್ಳೆ ಕಚ್ಚಿದ ಗುರುತು ಮಾಯವಾಗುತ್ತವೆ, ಆದರೆ ತುಟಿಯೂ ಬಿಳಿಚಿಕೊಳ್ಳುತ್ತದೆ. ಬರೆಯುತ್ತಿದ್ದಂತೆ ಬಂತು ನೋಡಿ: ‘ಬಿಳಿಚಿಕೊಳ್ಳು’. ವಿವರ ಕಳೆದುಕೊಂಡ ಬಿಳಿಗೆ ಅದೇ ಪದ. ಮುಚ್ಚಿಹೋದ ನೆರಳಿಗೆ ‘ಕಪ್ಪಿಡು’. ಎರಡೂ ಮುಖಕ್ಕೆ ಹೇಳುವ ಮಾತೇ.

ಬರ್ನ್ ವಿಷಯದಲ್ಲಿ ಹುಷಾರು. ‘ಫೋಟೊ ಬರ್ನ್ ಆಗಿದೆ’ ಎಂದರೆ ನಮ್ಮಲ್ಲಿ ಬಿಳಿ ಹೊಡೆದಿದೆ ಎಂದರ್ಥ. ಬರ್ನ್ ಎಂಬ ಸಾಧನ ಮಾಡುವುದು ಅದರ ತಿರುಗುಮುರುಗು, ಕಪ್ಪಾಗಿಸುವುದು. ಡಾರ್ಕ್‌ರೂಮಿನಲ್ಲಿ ಕಾಗದದ ಒಂದು ಜಾಗಕ್ಕೆ ಹೆಚ್ಚು ಬೆಳಕು ಬಿಟ್ಟರೆ ಆ ಜಾಗ ಕಪ್ಪಾಗುತ್ತಿತ್ತು, ಹೆಸರು ಅಲ್ಲಿಂದ ಬಂದದ್ದು. ಬೆಳಕು ಬಿದ್ದು ಕಪ್ಪಾಗುವುದಕ್ಕೆ ಕನ್ನಡದಲ್ಲಿ ‘ಕಂದು’ ಇದೆ: ಬಿಸಿಲಿಗೆ ಕಂದಿದ ಮುಖ. ಬರ್ನ್‌ಗೆ ‘ಕಂದಿಸು’ ಎನ್ನಿ. ಡಾಡ್ಜ್‌ಗೆ ‘ತಿಳಿಗೊಳಿಸು’, ತಿಳಿನೀಲಿಯಲ್ಲಿರುವ ತಿಳಿ.

ಕಾಂಟ್ರಾಸ್ಟನ್ನು ಹಾಗೇ ಬಿಡಿ. ಪರದೆಯ ಮೇಲೆ ಅದೇ ಬರೆದಿದೆ.

ಹಳಗನ್ನಡದ ಮೇಷ್ಟ್ರು:

> ಕಾಂಟ್ರಾಸ್ಟನ್ನು ಹಾಗೇ ಬಿಡಿ

ಎಲ್ಲವನ್ನೂ ಹಾಗೇ ಬಿಡುತ್ತಾ ಹೋದರೆ ಕನ್ನಡಕ್ಕೆ ವಿಭಕ್ತಿ ಪ್ರತ್ಯಯ ಮಾತ್ರ ಉಳಿಯುತ್ತದೆ. ಕಂದಿಸು, ಕಪ್ಪಿಡು ಒಪ್ಪಿದೆ, ಬಹಳ ಒಪ್ಪಿದೆ. ಅಷ್ಟು ಬಲ್ಲವರು ಹೆಸರಿನ ಹತ್ತಿರ ಬಂದಾಗ ಕೈಚೆಲ್ಲಿದ್ದು ಸರಿಯಲ್ಲ.

ಸಂಸ್ಕೃತದ ಪಂಡಿತರು:

ಕಾಂಟ್ರಾಸ್ಟ್ ಇಂಗ್ಲಿಷಿನವರ ಸ್ವಂತ ಆಸ್ತಿಯೂ ಅಲ್ಲ. ಲ್ಯಾಟಿನ್ನಿನ ‘ಎದುರು ನಿಲ್ಲು’ ಎಂಬ ಮಾತು ಇಟಾಲಿಯನ್, ಫ್ರೆಂಚ್ ದಾಟಿ ಅವರಲ್ಲಿಗೆ ಬಂತು. 1839ರಲ್ಲಿ ಜಾನ್ ಹರ್ಷೆಲ್ ಬಳಕೆಗೆ ತಂದ ಫೋಟೊಗ್ರಫಿ ಎಂಬ ಹೆಸರು ಗ್ರೀಕಿನದು. ಅವರು ಸಾಲ ತಂದು ಕೆಟ್ಟರೇ? ಸಂಸ್ಕೃತ-ಕನ್ನಡ ಪದಗಳನ್ನು ಬೆಸೆಯುವ ಅರಿಸಮಾಸ ಕೂಡದೆಂದ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೂ ಬಿರುದಾವಳಿಗೆ, ಹಳಬರ ಪ್ರಯೋಗಕ್ಕೆ ವಿನಾಯಿತಿ ಕೊಟ್ಟ. ನೀವು ಅದನ್ನೂ ಕೊಡುವುದಿಲ್ಲ.

ಹಳಗನ್ನಡದ ಮೇಷ್ಟ್ರು:

ಸಾಲ ತರಬೇಡಿ ಎಂದವನಲ್ಲ ನಾನು. ತಂದದ್ದನ್ನು ನಾಲಗೆಗೆ ಒಗ್ಗಿಸಿಕೊಳ್ಳಿ ಎನ್ನುತ್ತೇನೆ. ಕನ್ನಡದ ಪದ ಸ್ವರದಲ್ಲಿ ನಿಲ್ಲಬೇಕು. ಬಸ್ಸು, ಕಾರು, ಪೆನ್ನು ಎಂದು ನಮ್ಮ ಹಿರಿಯರು ಓದುಬರಹವಿಲ್ಲದೆಯೇ ಮಾಡಿಕೊಂಡರು. ‘ಕಾಂಟ್ರಾಸ್ಟು’ ಎಂದಾದರೂ ಬರೆಯಿರಿ. ಅದಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ.

ಅನುವಾದಕಿ:

ಮೇಷ್ಟ್ರೇ, ಆಗಲಿ, ಕಾಂಟ್ರಾಸ್ಟು. ವಾಕ್ಯ ಈಗ ಹೀಗಿದೆ:

“ಚಿತ್ರ ಸಪ್ಪೆಯಾಗಿದ್ದರೆ ಕಾಂಟ್ರಾಸ್ಟು ಏರಿಸಿ. ಕೆನ್ನೆ ಬಿಳಿಚಿಕೊಳ್ಳುವ ಮೊದಲೇ, ಕೂದಲ ನೆರಳು ಕಪ್ಪಿಡುವ ಮೊದಲೇ ನಿಲ್ಲಿಸಿ. ಹಣೆ ತೀರಾ ಹೊಳೆಯುತ್ತಿದ್ದರೆ ಅಷ್ಟನ್ನು ಮಾತ್ರ ಕಂದಿಸಿ. ಕಣ್ಣಿನ ಸುತ್ತ ತಿಳಿಗೊಳಿಸಿ.”

ಇದನ್ನೇ ಕಳಿಸುತ್ತಿದ್ದೇನೆ. ಕೊನೆಯದಾಗಿ, ಕಣ್ಣಗುಡ್ಡೆಯ ಮೇಲೆ ಬೀಳುವ ಆ ಬೆಳಕಿನ ಚುಕ್ಕಿಗೆ ಏನನ್ನುತ್ತೀರಿ?

ಫೋಟೊ ತಿದ್ದುವವರು:

ಕಣ್ಮಿಂಚು. ಅದನ್ನು 255 ಮುಟ್ಟಲು ಬಿಡಿ, ಮೇಡಂ. ಇಡೀ ಮುಖದಲ್ಲಿ ಅದೊಂದು ಮುಟ್ಟಬಹುದು.