ನಂದಿ ಬೆಟ್ಟ ಇಳಿಯುವಾಗ ಪೆಡಲ್ ಮೆತ್ತಗಾಯ್ತು: ಹಳೆಯ ಆಡಿ ಟಿಟಿ ಕಾರಿನ ಬ್ರೇಕು, ಸಸ್ಪೆನ್ಷನ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಶಿಡ್ಲಘಟ್ಟದಿಂದ): ಅಣ್ಣಾ, ನಮಸ್ಕಾರ. ನನ್ನ ಹತ್ತಿರ 2011ರ ಆಡಿ ಟಿಟಿ ಇದೆ, 2.0 ಪೆಟ್ರೋಲ್. ಹೋದ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆ. ಓಡಿರುವುದು 58 ಸಾವಿರ ಕಿ.ಮೀ. ಅಷ್ಟೇ. ನಮ್ಮದು ರೇಷ್ಮೆ ರೀಲಿಂಗ್ ಯೂನಿಟ್, ವಾರವೆಲ್ಲ ಕೆಲಸ. ಭಾನುವಾರ ಬಿಟ್ಟರೆ ಗಾಡಿ ಹೊರಗೆ ತೆಗೆಯುವುದಿಲ್ಲ. ಮೊನ್ನೆ ನಂದಿ ಬೆಟ್ಟಕ್ಕೆ ಹೋಗಿದ್ದೆ. ಇಳಿಯುವಾಗ ಅರ್ಧ ದಾರಿಯಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಯ್ತು. ಎರಡು ಮೂರು ಸಲ ತುಳಿದ ಮೇಲೆ ಹಿಡಿಯಿತು. ಕೆಳಗೆ ಬಂದು ಅರ್ಧ ಗಂಟೆ ನಿಲ್ಲಿಸಿದೆ, ಮತ್ತೆ ಸರಿಹೋಯ್ತು. ಅದೂ ಅಲ್ಲದೆ ಹಂಪ್ ಹತ್ತಿಳಿಯುವಾಗ ಮುಂದೆ ಕಟಕಟ ಅನ್ನುತ್ತದೆ. ಬ್ರೇಕ್ ಹಾಕಿದರೆ ಸ್ಟೀರಿಂಗ್ ನಡುಗುತ್ತದೆ. ಒಂದು ಗ್ಯಾರೇಜಿನಲ್ಲಿ ದೊಡ್ಡ ಬ್ರೇಕ್ ಕಿಟ್ಟು, ಗಾಡಿಯ ಎತ್ತರ ಇಳಿಸುವ ಲೋವರಿಂಗ್ ಸ್ಪ್ರಿಂಗು ಎರಡೂ ಹಾಕಿಸಿ ಅಂದರು. ಹಾಕಿಸಲಾ?

ಉತ್ತರ: ಹಾಕಿಸಬೇಡಿ. ಮೊದಲು ಬ್ರೇಕ್ ಆಯಿಲ್ ಬದಲಾಯಿಸಿ. ಅಲ್ಲಿಯ ತನಕ ಬೆಟ್ಟದ ಕಡೆ ಗಾಡಿ ತಿರುಗಿಸಲೇಬೇಡಿ. ತಣ್ಣಗಾದ ಮೇಲೆ ಸರಿಹೋಯ್ತು ಅಂದಿರಲ್ಲ, ನನಗೆ ಭಯ ಆಗಿದ್ದೇ ಆ ಮಾತಿಗೆ. ಸರಿಹೋಗಿಲ್ಲ ಸಾರ್. ಮುಂದಿನ ಸಲ ಬಿಸಿಯಾದಾಗ ಮತ್ತೆ ಅದೇ ಆಗುತ್ತದೆ.

ಏನಾಗಿದೆ ಅಂದರೆ, ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನ ಪಸೆಯನ್ನು ಎಳೆದುಕೊಳ್ಳುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ಲೆಕ್ಕ. ಅದರಲ್ಲಿ 3.7 ಪರ್ಸೆಂಟ್ ನೀರು ಸೇರಿದರೆ ಆ ಲೆಕ್ಕ 155ಕ್ಕೆ ಇಳಿಯುತ್ತದೆ. ನಂದಿ ಬೆಟ್ಟದ ತುದಿ 1478 ಮೀಟರ್ ಎತ್ತರದಲ್ಲಿದೆ. ತಿರುವಿಗೊಂದು ಸಲ ಬ್ರೇಕ್ ತುಳಿಯುತ್ತಾ ಇಳಿದರೆ ಡಿಸ್ಕಿನ ಬಿಸಿ ಪ್ಯಾಡಿಗೆ, ಪ್ಯಾಡಿನಿಂದ ಪಿಸ್ಟನ್ನಿಗೆ, ಅಲ್ಲಿಂದ ಆಯಿಲಿಗೆ ಹೋಗುತ್ತದೆ. ಆಯಿಲ್ ಕುದ್ದು ಆವಿ ಗುಳ್ಳೆ ಏಳುತ್ತದೆ. ನೀವು ತುಳಿದ ಬಲವೆಲ್ಲ ಗುಳ್ಳೆ ಅಮುಕುವುದಕ್ಕೆ ಹೋಗುತ್ತದೆ, ಚಕ್ರಕ್ಕೆ ಸಿಗುವುದಿಲ್ಲ. ತಣ್ಣಗಾದಾಗ ಗುಳ್ಳೆ ಕರಗಿ ಪೆಡಲ್ ಗಟ್ಟಿಯಾಗುತ್ತದೆ. ನೀರು ಮಾತ್ರ ಅಲ್ಲೇ ಇರುತ್ತದೆ.

ಒಂದು ವ್ಯತ್ಯಾಸ ತಿಳಿದುಕೊಂಡಿರಿ. ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ನಿಲ್ಲದಿದ್ದರೆ ಪ್ಯಾಡ್ ಸುಟ್ಟಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಆಯಿಲ್ ಕುದ್ದಿದೆ ಅಥವಾ ಎಲ್ಲೋ ಸೋರುತ್ತಿದೆ. ಆದ್ದರಿಂದ ಹೋಸ್ ಪೈಪು, ಕಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಸುತ್ತ ಒದ್ದೆ ಇದೆಯಾ ಅಂತಲೂ ನೋಡಿಸಿ.

ಗಾಡಿ ಓಡಲಿ, ಶೆಡ್ಡಿನಲ್ಲೇ ನಿಂತಿರಲಿ, 2 ವರ್ಷಕ್ಕೊಮ್ಮೆ ಆಯಿಲ್ ಬದಲಾಗಬೇಕು. 58 ಸಾವಿರ ಅಷ್ಟೇ ಓಡಿದೆ ಅಂತ ಸಮಾಧಾನ ಬೇಡ. ರಬ್ಬರ್ರು, ಆಯಿಲ್ಲು ಮೀಟರ್ ನೋಡಿಕೊಂಡು ಹಳೆಯದಾಗುವುದಿಲ್ಲ. ಟೈರೂ ಹಾಗೇ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಇವತ್ತೇ ನೋಡಿ.

ಇನ್ನು ಕಟಕಟ. ಚಿಕ್ಕ ಹಂಪಿನಲ್ಲಿ ಬರುವ ಸಣ್ಣ ಸದ್ದು ಬಹಳ ಸಲ ಸಸ್ಪೆನ್ಷನ್ನಿನ ಲಿಂಕ್ ರಾಡಿನದು. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಟಕ್ ಅಂದರೆ ಶಾಕಿನ (ಶಾಕ್ ಅಬ್ಸಾರ್ಬರ್) ಮೇಲಿರುವ ಮೌಂಟು, ಬೇರಿಂಗು. ಬ್ರೇಕ್ ಹಾಕಿದ ಕ್ಷಣ ದಡ್ ಅಂತ ಒಂದೇ ಸಲ ಬಂದರೆ ಲೋವರ್ ಆರ್ಮಿನ (ಚಕ್ರವನ್ನು ಗಾಡಿಯ ಬುಡಕ್ಕೆ ಸೇರಿಸುವ ತೋಳು) ಹಿಂದಿನ ರಬ್ಬರ್ ಬುಷ್. ಗಾಡಿ ಎತ್ತಿಸಿ, ಕಬ್ಬಿಣದ ರಾಡು ಕೊಟ್ಟು ಮೀಟಿ ನೋಡಲಿ. ಬುಷ್ ಹರಿದಿದ್ದರೆ ಬಿರುಕು ಬಾಯಿ ತೆರೆಯುತ್ತದೆ.

ಪ್ರಶ್ನೆ (ಚಿಂತಾಮಣಿಯಿಂದ): ಗುರುಗಳೇ, ಸ್ಟೀರಿಂಗ್ ನಡುಗಿದರೆ ಡಿಸ್ಕ್ ಬೆಂಡ್ ಆಗಿದೆ ಅಂತ ಎಲ್ಲರೂ ಹೇಳುತ್ತಾರೆ. ನಾನು ನನ್ನ ಗಾಡಿಯದನ್ನು ಎರಡು ಸಲ ಲೇತ್ ಹೊಡೆಸಿ ಮುಖ ಸಮ ಮಾಡಿಸಿದೆ. ಎರಡು ತಿಂಗಳಿಗೆ ಮತ್ತೆ ಶುರು.

ಉತ್ತರ: ಡಿಸ್ಕ್ ನಿಜವಾಗಿ ಬೆಂಡ್ ಆಗುವುದು ಕಡಿಮೆ. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿಕೊಂಡು ನಿಂತರೆ ಪ್ಯಾಡಿನ ಪದರ ಒಂದೇ ಜಾಗದಲ್ಲಿ ಅಂಟುತ್ತದೆ. ಇನ್ನೊಂದು ಕಾರಣ ಹಬ್ಬಿನ (ಡಿಸ್ಕು, ಚಕ್ರ ಕೂರುವ ಭಾಗ) ತುಕ್ಕು. ಹಬ್ಬಿನ ಮುಖದ ಮೇಲೆ ಕೂದಲೆಳೆಯಷ್ಟು ತುಕ್ಕು ಇದ್ದರೂ ಡಿಸ್ಕ್ ಓರೆಯಾಗಿ ಕೂರುತ್ತದೆ. ಓರೆ ಕೂತ ಡಿಸ್ಕ್ ಸುತ್ತುತ್ತಾ ಒಂದು ಕಡೆ ಜಾಸ್ತಿ ಸವೆಯುತ್ತದೆ. ನೀವು ಲೇತ್ ಹೊಡೆಸಿದ್ದು ಡಿಸ್ಕನ್ನು. ತುಕ್ಕು ಹಬ್ಬಿನಲ್ಲೇ ಉಳಿಯಿತು, ಅಲ್ವಾ? ಅದಕ್ಕೇ ಎರಡು ತಿಂಗಳು.

ನಾನು ಹಬ್ಬನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿ, ಬೆರಳು ಆಡಿಸಿ ನುಣುಪು ನೋಡಿ, ಆಮೇಲೆ ಡಿಸ್ಕ್ ಕೂರಿಸುತ್ತೇನೆ. ಬೋಲ್ಟ್ ಹಾಕಿ ಬಿಗಿದು, ಓರೆ ಅಳೆಯುವ ಡಯಲ್ ಗೇಜ್ ಇಟ್ಟು ಕೈಯಲ್ಲಿ ತಿರುಗಿಸುತ್ತೇನೆ. ಮುಳ್ಳು 0.1 ಮಿ.ಮೀ. ದಾಟಿದರೆ ಬಿಚ್ಚಿ ಮತ್ತೆ ಉಜ್ಜುತ್ತೇನೆ. ಹತ್ತು ನಿಮಿಷದ ಕೆಲಸ. ಯಾವ ಗ್ಯಾರೇಜಿನಲ್ಲಾದರೂ ಇದನ್ನು ಕೇಳಿ ಮಾಡಿಸಿ.

ಲೇತ್ ಹೊಡೆಸುವ ಮೊದಲು ದಪ್ಪ ಅಳೆಯಲೇಬೇಕು. ಎಷ್ಟರ ಕೆಳಗೆ ಇಳಿಯಬಾರದು ಅಂತ ಡಿಸ್ಕಿನಲ್ಲೇ ಕೊರೆದಿರುತ್ತಾರೆ. 25 ಮಿ.ಮೀ. ದಪ್ಪದ ಡಿಸ್ಕಿಗೆ ಸಾಮಾನ್ಯವಾಗಿ 22. ಆ ಗೆರೆ ದಾಟಿದ್ದು ಹಳೆ ಕಬ್ಬಿಣ, ಗಾಡಿಗೆ ವಾಪಸ್ ಹಾಕಬಾರದು.

ಪ್ರಶ್ನೆ (ಗೌರಿಬಿದನೂರಿನಿಂದ): ಲೋವರಿಂಗ್ ಸ್ಪ್ರಿಂಗ್ ಯಾಕೆ ಬೇಡ ಅಂದಿರಿ ಅಣ್ಣಾ? ನೋಡುವುದಕ್ಕೂ ಚೆನ್ನಾಗಿರುತ್ತದೆ, ತಿರುವಿನಲ್ಲೂ ಚೆನ್ನಾಗಿ ಕೂರುತ್ತದೆ ಅಂತ ಕೇಳಿದ್ದೇನೆ.

ಉತ್ತರ: ಸರಿಯಾದ ಶಾಕ್ ಜೊತೆ, ಸರಿಯಾದ ರಸ್ತೆಯಲ್ಲಿ ಆ ಮಾತು ನಿಜ. ಹೈವೇ ಬಿಟ್ಟು ಒಳಗೆ ಬಂದರೆ ಊರೂರಿಗೆ ಹಂಪು, ಅದಕ್ಕೆ ಬಿಳಿ ಬಣ್ಣವೂ ಇರುವುದಿಲ್ಲ. ಟಿಟಿ ಮೊದಲೇ ಕುಳ್ಳು. ಇನ್ನೂ 30 ಮಿ.ಮೀ. ಇಳಿಸಿದರೆ ಶಾಕಿಗೆ ಆಡುವ ಜಾಗವೇ ಇರುವುದಿಲ್ಲ. ಹಂಪ್ ಮೇಲೆ ಬಂಪ್ ಸ್ಟಾಪಿಗೆ (ಶಾಕ್ ಕೊನೆ ಮುಟ್ಟುವಲ್ಲಿನ ರಬ್ಬರ್) ಬಡಿಯುತ್ತದೆ. 2011ರ ಶಾಕ್ ಹಳೆ ಸ್ಪ್ರಿಂಗನ್ನೇ ಹಿಡಿಯಲಾರದು, ಇನ್ನು ಗಟ್ಟಿ ಸ್ಪ್ರಿಂಗನ್ನು ಎಲ್ಲಿಂದ ಹಿಡಿಯುತ್ತದೆ?

ಮೊದಲು ನಾಲ್ಕೂ ಶಾಕ್ ಹೊಸದು ಹಾಕಿಸಿ, ಕಂಪನಿ ಎತ್ತರದಲ್ಲೇ. ಜೊತೆಗೆ ಮೌಂಟು, ಬಂಪ್ ಸ್ಟಾಪು. ಹೀಗೆ ಮಾಡಿಸಿಕೊಂಡ ಎಷ್ಟೋ ಜನ ಅಪ್‌ಗ್ರೇಡ್ ಮಾತನ್ನೇ ಮರೆತಿದ್ದಾರೆ. ತಮ್ಮ ಗಾಡಿ ಹೊಸದರಲ್ಲಿ ಹೇಗಿತ್ತು ಅಂತ ಅವರಿಗೆ ಮೊದಲ ಸಲ ಗೊತ್ತಾಗಿರುತ್ತದೆ. ಒಂದು ಎಚ್ಚರ: ಕೆಲವು ಟಿಟಿಗಳಲ್ಲಿ ಮ್ಯಾಗ್ನೆಟಿಕ್ ರೈಡ್, ಅಂದರೆ ಕರೆಂಟಿನಲ್ಲಿ ಗಟ್ಟಿ, ಮೆತ್ತಗೆ ಆಗುವ ಶಾಕ್ ಇರುತ್ತದೆ. ಶಾಕಿಗೆ ವೈರ್ ಹೋಗಿದೆಯಾ ನೋಡಿ. ಇದ್ದರೆ ಸಾದಾ ಶಾಕ್ ಸುಮ್ನೆ ತಂದು ಹಾಕಲಾಗದು.

ಪ್ರಶ್ನೆ (ಅದೇ ಗೌರಿಬಿದನೂರು): ಪಾರ್ಟ್ಸ್ ಸಿಗುತ್ತದಾ? ನನ್ನದು ಸ್ಕೋಡಾ ಲಾರಾ. ಎರಡೂ ಒಂದೇ ಪ್ಲಾಟ್‌ಫಾರ್ಮ್ ಅಂತಾರೆ.

ಉತ್ತರ: ಹೌದು, ಎರಡರ ಬುಡ ಒಂದೇ. ಶಾಕ್ ಮೌಂಟಿನಂಥ ಸಣ್ಣ ಪಾರ್ಟ್ಸ್ ಹೊಂದುತ್ತವೆ. ಆದರೆ ಟಿಟಿಯ ಲೋವರ್ ಆರ್ಮ್ ಅಲ್ಯೂಮಿನಿಯಂ. ಪಾರ್ಟ್ ನಂಬರ್ ಹೊಂದಿಸದೆ ಏನೂ ತರಬೇಡಿ.

ಕೆಲಸ ಮಾಡುವವರಿಗೆ ಎರಡು ಮಾತು. ಈ ಗಾಡಿಗಳಲ್ಲಿ ಮುಂದಿನ ಶಾಕ್ ಕೆಳಗೆ ನಕಲ್ (ಚಕ್ರದ ಬೇರಿಂಗ್ ಕೂರುವ ಲೋಹದ ಭಾಗ) ಅನ್ನುವುದರ ಸೀಳಿರುವ ತೂತಿನಲ್ಲಿ ಇಳಿದಿರುತ್ತದೆ. ಆ ಸೀಳನ್ನು ಅಗಲಿಸುವುದಕ್ಕೆ ಒಂದು ಚಿಕ್ಕ ಟೂಲ್ ಬರುತ್ತದೆ. ಸೀಳಿಗೆ ತೂರಿಸಿ ತಿರುಗಿಸಿದರೆ ಸಾಕು, ಶಾಕ್ ಸಲೀಸಾಗಿ ಬರುತ್ತದೆ. ಸುತ್ತಿಗೆಯಲ್ಲಿ ಬಡಿದು ಬೇರಿಂಗ್ ಹಾಳು ಮಾಡಬೇಡಿ.

ಎರಡನೆಯದು ಬುಷ್. ಗಾಡಿ ಲಿಫ್ಟಿನಲ್ಲಿ ತೂಗಾಡುವಾಗ ಬುಷ್ಷಿನ ಬೋಲ್ಟನ್ನು ಪೂರ್ತಿ ಬಿಗಿಯಬಾರದು. ಆಗ ಆರ್ಮ್ ಕೆಳಗೆ ಜೋತು ಬಿದ್ದಿರುತ್ತದೆ. ಅಲ್ಲೇ ಬಿಗಿದರೆ ಗಾಡಿ ನೆಲಕ್ಕೆ ಇಳಿದಾಗ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಬೇಗ ಹರಿಯುತ್ತದೆ. ಚಕ್ರದ ಮೇಲೆ ಗಾಡಿಯ ಭಾರ ಬಂದ ಮೇಲೆ ಬಿಗಿಯಿರಿ. ಹೊಸ ಬುಷ್ ಆರೇ ತಿಂಗಳಿಗೆ ಹೋಯ್ತು ಅಂತ ಬರುವವರನ್ನು ನೋಡಿದಾಗ ನನಗೆ ನಿಜವಾಗಿ ಬೇಜಾರಾಗುತ್ತದೆ. ಪಾರ್ಟ್ ಕೆಟ್ಟದ್ದಲ್ಲ, ಬಿಗಿದ ಕ್ರಮ ತಪ್ಪು. ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು.

ಪ್ರಶ್ನೆ (ಶಿಡ್ಲಘಟ್ಟದಿಂದ): ದೊಡ್ಡ ಬ್ರೇಕ್ ಕಿಟ್ ಬಗ್ಗೆ ಹೇಳಲಿಲ್ಲ ಅಣ್ಣಾ. ದೊಡ್ಡ ಡಿಸ್ಕ್ ಹಾಕಿದರೆ ಬೇಗ ನಿಲ್ಲುವುದಿಲ್ಲವಾ?

ಉತ್ತರ: ಈಗಿರುವ ಬ್ರೇಕೇ ಚಕ್ರವನ್ನು ಲಾಕ್ ಮಾಡುವಷ್ಟು ಹಿಡಿಯುತ್ತದೆ. ಅದಕ್ಕೇ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವುದು. ಅಲ್ಲಿಂದಾಚೆಗೆ ನಿಲ್ಲಿಸುವುದು ಟೈರು. ದೊಡ್ಡ ಡಿಸ್ಕ್ ಕೊಡುವುದು ಬಿಸಿ ತಡೆಯುವ ಶಕ್ತಿ. ರೇಸ್ ಟ್ರ್ಯಾಕಿಗೆ ಅದು ಬೇಕು, ವಾರಕ್ಕೊಮ್ಮೆ ಬೆಟ್ಟ ಹತ್ತುವವರಿಗೆ ಬೇಡ. ಮುಂದೆ ಮಾತ್ರ ದೊಡ್ಡದು ಹಾಕಿದರೆ ಹಿಂದುಮುಂದಿನ ಹೊಂದಾಣಿಕೆಯೂ ಕೆಡುತ್ತದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಕೂಡ ನೆನಪಿರಲಿ. ಕಂಪನಿ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ.

ಆ ದುಡ್ಡಿನಲ್ಲಿ ಒಳ್ಳೆ ಟೈರು, ಹೊಸ ಡಿಸ್ಕು, ಒಳ್ಳೆ ಪ್ಯಾಡು ಹಾಕಿಸಿ. ಆಯಿಲನ್ನು ಡಾಟ್ 5.1 ಮಾಡಿದರೆ ನೀರು ಸೇರಿದ ಮೇಲೂ ಕಡಿಮೆ ಅಂದರೂ 180 ಡಿಗ್ರಿ ತಡೆಯುತ್ತದೆ. ಬರೀ ಡಾಟ್ 5 ಅಂತ ಬರೆದದ್ದು ಸಿಲಿಕೋನ್, ಅದನ್ನು ಮುಟ್ಟಬೇಡಿ.

ಹಿಂದಿನ ಕಾಲಿಪರಿನಲ್ಲಿ ಹ್ಯಾಂಡ್ ಬ್ರೇಕೂ ಸೇರಿದೆ. ಅದರ ಪಿಸ್ಟನ್ನನ್ನು ಒತ್ತುತ್ತಾ ತಿರುಗಿಸಿಯೇ ಒಳಗೆ ಕಳಿಸಬೇಕು. ಸಿ ಕ್ಲ್ಯಾಂಪ್ ಹಾಕಿ ಅಮುಕಿದರೆ ಒಳಗಿನ ಸ್ಕ್ರೂ ಹೋಗುತ್ತದೆ. ಆಯಿಲ್ ಬದಲಾಯಿಸುವಾಗ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಹಳೆ ಮಾಸ್ಟರ್ ಸಿಲಿಂಡರಿನಲ್ಲಿ (ಪೆಡಲಿನ ಬಲವನ್ನು ಆಯಿಲಿಗೆ ಕೊಡುವ ಭಾಗ) ಸೀಲ್ ಯಾವತ್ತೂ ಓಡಾಡದ ಜಾಗ ಇರುತ್ತದೆ, ಅಲ್ಲಿ ಕೊಳೆ ಕೂತಿರುತ್ತದೆ. ಪೆಡಲನ್ನು ನೆಲದ ತನಕ ತುಳಿದರೆ ಸೀಲ್ ಆ ಕೊಳೆಯ ಮೇಲೆ ಉಜ್ಜಿ ಹರಿಯುತ್ತದೆ.

ಮೂರು ವಾರದ ನಂತರ, ಶಿಡ್ಲಘಟ್ಟದಿಂದ: ಅಣ್ಣಾ, ಎಲ್ಲ ಮಾಡಿಸಿದೆ. ಹಳೆ ಆಯಿಲ್ ಕಾಫಿ ಡಿಕಾಕ್ಷನ್ ಥರ ಕಪ್ಪಗಿತ್ತು. ಮುಂದಿನ ಡಿಸ್ಕ್ 22.3 ಬಂತು, ಹೊಸದು ಹಾಕಿಸಿದೆ. ಎಡಗಡೆ ಬುಷ್ಷಿನ ಬಿರುಕಿನಲ್ಲಿ ನನ್ನ ಉಗುರು ಹೋಗುತ್ತಿತ್ತು. ಟೈರು ಒಂಬತ್ತು ವರ್ಷ ಹಳೆಯದು, ನಾಲ್ಕೂ ಬದಲಾಯಿಸಿದೆ. ಈಗ ಹಂಪ್ ಮೇಲೆ ಸದ್ದೇ ಇಲ್ಲ. ಈ ಭಾನುವಾರ ಬೆಟ್ಟಕ್ಕೆ ಹೋಗಲಾ?

ಉತ್ತರ: ಓದಿ ತುಂಬಾ ಖುಷಿಯಾಯ್ತು ಸಾರ್. ಅದಕ್ಕೂ ಮೊದಲು ಪ್ಯಾಡ್ ಪಳಗಿಸಿ. ಬೆಳಗಿನ ಜಾವ, ಹಿಂದೆ ಗಾಡಿ ಇಲ್ಲದ ಖಾಲಿ ರಸ್ತೆಯಲ್ಲಿ 60ರಿಂದ 15ಕ್ಕೆ ಒಂದೇ ಹದದಲ್ಲಿ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಹೀಗೆ ಹತ್ತು ಸಲ. ಆಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣ್ಣಗಾಗಿಸಿ.

ಬೆಟ್ಟ ಇಳಿಯುವಾಗ ಗೇರನ್ನು ಮ್ಯಾನುಯಲ್‌ಗೆ ಹಾಕಿ ಎರಡರಲ್ಲಿ ಬನ್ನಿ, ಎಂಜಿನ್ನೇ ಹಿಡಿಯಲಿ. ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ತುಳಿದು ಬಿಟ್ಟುಬಿಡಿ. ಕಾಲು ಪೆಡಲ್ ಮೇಲೆ ಇಟ್ಟುಕೊಂಡೇ ಇಳಿಯಬೇಡಿ. ಕೆಳಗೆ ಕ್ಯೂ ಸಿಕ್ಕಿದರೆ ಬಿಸಿ ಬ್ರೇಕನ್ನು ಒತ್ತಿ ಹಿಡಿದು ನಿಲ್ಲಬೇಡಿ. ಸಮತಟ್ಟು ಜಾಗ ಆದರೆ ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ.

ಚಕ್ರದ ಬೋಲ್ಟು ಟಾರ್ಕ್ ರೆಂಚಿನಲ್ಲಿ 120 ನ್ಯೂಟನ್ ಮೀಟರ್ ಇರಬೇಕು. ನೂರು ಕಿ.ಮೀ. ಆದ ಮೇಲೆ ಇನ್ನೊಮ್ಮೆ ನೋಡಬೇಕು. ಶನಿವಾರ ಸಂಜೆ ಚಿಕ್ಕಬಳ್ಳಾಪುರದ ಕಡೆ ಬಂದರೆ ನಮ್ಮ ಶೆಡ್ಡಿಗೆ ಬನ್ನಿ, ನಾನೇ ನೋಡಿ ಕೊಡುತ್ತೇನೆ.